ಅಥಾತೋ ಹದಜಿಜ್ಞಾಸಾ

ಶಾಸ್ತ್ರಗ್ರಂಥಗಳು ‘ಅಥ’ ಎಂದೇ ಆರಂಭವಾಗಬೇಕೆಂಬುದು ಹಳೆಯ ಪದ್ಧತಿ. ಆ ಎರಡಕ್ಷರಕ್ಕೆ ಭಾಷ್ಯಕಾರರು ಮಂಗಳ, ಆನಂತರ್ಯ ಎಂದೆಲ್ಲ ಪುಟಗಟ್ಟಲೆ ಅರ್ಥ ಹೇಳಿದ್ದಾರೆ. ಅವರಾರೂ ಅಥಣಿಯ ಬಸ್ ಸ್ಟ್ಯಾಂಡ್ ಕಂಡಿರಲಿಕ್ಕಿಲ್ಲ. ಕಂಡಿದ್ದರೆ ‘ಅಥ’ ಎಲ್ಲಿಂದ ಬಂತೆಂದು ಥಟ್ಟನೆ ಹೊಳೆಯುತ್ತಿತ್ತು. ಮೃದು ಕೌಶಲ್ಯ, ಅಂದರೆ ಪೇಟೆಯ ಬಾಯಲ್ಲಿ ಸಾಫ್ಟ್ ಸ್ಕಿಲ್ಸ್, ಎಂಬ ಶಾಸ್ತ್ರದ ಮೂಲಪೀಠ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳೇ ಎಂದು ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ. ಎದುರಾಳಿಗಳ ಪ್ರಕಾರ ಈ ಶಾಸ್ತ್ರ ಅಮೆರಿಕದ ಸೈನ್ಯದಲ್ಲಿ ಹುಟ್ಟಿತು. ಯಂತ್ರ ನಡೆಸುವುದು ಗಟ್ಟಿ ವಿದ್ಯೆ, ಜನರನ್ನು ನಡೆಸುವುದು ಮೃದು ವಿದ್ಯೆ ಎಂದು ಆ ಸೈನ್ಯದವರು ಭಾಗ ಮಾಡಿದರು. 1972ರಲ್ಲಿ ಅದರ ಮೇಲೆ ಒಂದು ಸಮ್ಮೇಳನವನ್ನೂ ನಡೆಸಿದರು. ಇಂದು ಅದು ಏಸಿ ಹಾಲ್‌ನಲ್ಲಿ, ಎರಡು ಚಹಾ ವಿರಾಮಗಳ ನಡುವೆ ಉದಯಿಸಿ, ಸಂಜೆ ಪ್ರಮಾಣಪತ್ರದಲ್ಲಿ ಅಸ್ತಮಿಸುತ್ತದೆ.

ಇದು ನಿಲ್ಲುವ ವಾದವಲ್ಲ. ಮೆತ್ತಗೆ ಮಾಡಲು ಮೊದಲು ಗಟ್ಟಿ ಪದಾರ್ಥ ಬೇಡವೆ? ಅಮೆರಿಕದವರ ಕೈಯಲ್ಲಿ ಇದ್ದದ್ದು ಬರೀ ಕಾಗದ. ಅಥಣಿಯವರ ಕೈಯಲ್ಲಿ ಇದ್ದದ್ದು ಎಮ್ಮೆಯ ಚರ್ಮ.

ಆ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಕೆರೆದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರು ನೀರಿನಲ್ಲಿ ದಿನಗಟ್ಟಲೆ ಇಡುತ್ತಾರೆ. ಈ ಕ್ರಿಯೆಗೆ ಕನ್ನಡದಲ್ಲಿ ‘ಹದ ಮಾಡುವುದು’ ಎನ್ನುತ್ತಾರೆ. ಬಿತ್ತುವ ಹೊಲಕ್ಕೂ ಹದ, ರೊಟ್ಟಿ ಹಿಟ್ಟಿಗೂ ಹದ, ಮಾತಿಗೂ ಹದ. ರಾಯಬಾಗದ ಕಡೆ ಬೆಲ್ಲ ಮಾಡುವಾಗ ಕೊಪ್ಪರಿಗೆಯ ಮುಂದೆ ನಿಂತವನು ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಿ, ‘ಇಳಸ್ರೋ!’ ಎನ್ನುತ್ತಾನೆ. ತರಬೇತಿ ಪುಸ್ತಕಗಳಲ್ಲಿ ಇದು ‘ಒತ್ತಡದಲ್ಲಿ ನಿರ್ಧಾರ’ ಎಂಬ ಅಧ್ಯಾಯ. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ 1939ರಲ್ಲೇ ಸಕ್ಕರೆ ಕಂಪನಿ ಹುಟ್ಟಿತೆಂಬುದು ನಿಜ. ಆದರೆ ಮೀಟರು ನೋಡಿ ತೆಗೆದುಕೊಂಡ ನಿರ್ಧಾರವನ್ನು ಈ ಶಾಸ್ತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರಥಮ ಅಧಿಕರಣ: ಹೊಂದಾಣಿಕೆ. ಅಥಣಿಯ ಕಾಲ್ಮರಿಗೆ, ಅಂದರೆ ಚಪ್ಪಲಿಗೆ, ಸಾಂಪ್ರದಾಯಿಕವಾಗಿ ಮೊಳೆ ಹೊಡೆಯುವುದಿಲ್ಲ. ಚರ್ಮಕ್ಕೆ ಚರ್ಮದ ದಾರವೇ ಹೊಲಿಗೆ. ಅಟ್ಟೆ ಕೊಯ್ಯುವುದು, ಬಡಿಯುವುದು ಸಾಮಾನ್ಯವಾಗಿ ಗಂಡಸರ ಕೆಲಸ. ಮೇಲಿನ ಜಡೆಪಟ್ಟಿ ಹೆಣೆಯುವುದು ಹೆಂಗಸರ ಕೆಲಸ. ಹೊಸ ಜೋಡು ಕೊಂಡ ಗಿರಾಕಿ ಮರುದಿನವೇ ಕುಂಟುತ್ತ ಬರುತ್ತಾನೆ.

‘ಕಚ್ಚತೈತಲ್ರೀ ಕಾಕಾ.’

‘ಕಚ್ಚಲಿ ಬಿಡ್ರಿ. ಎಂಟ ದಿನ ಅದು ನಿಮ್ಮ ಕಾಲ ನೋಡತೈತಿ, ನೀವ ಅದನ್ನ ನೋಡ್ರಿ. ಎಣ್ಣಿ ಹಚ್ಚಕೋತ ಇರ್ರಿ, ಆಮ್ಯಾಲ ಹೇಳಿದಂಗ ಕೇಳತೈತಿ.’

ಹೊಸ ನೌಕರ ಮತ್ತು ಹಳೆಯ ಮ್ಯಾನೇಜರರ ಸಂಬಂಧದ ಬಗ್ಗೆ ಇಷ್ಟು ಅಡಕವಾದ ಉಪದೇಶ ಇನ್ನೆಲ್ಲೂ ದೊರೆತಿಲ್ಲ. ಯಾರು ಯಾರಿಗೆ ಎಣ್ಣೆ ಹಚ್ಚಬೇಕೆಂಬ ಬಗ್ಗೆ ಮಾತ್ರ ಪಂಡಿತರಲ್ಲಿ ಒಮ್ಮತವಿಲ್ಲ.

ದ್ವಿತೀಯ ಅಧಿಕರಣ: ಸಂವಹನ. ಪ್ರಮಾಣ, ಹನ್ನೆರಡನೆಯ ಶತಮಾನದ ಕಲ್ಯಾಣದ ಕತೆ. ಸಮಗಾರ ಹರಳಯ್ಯ ‘ಶರಣು’ ಎಂದರೆ ಬಸವಣ್ಣ ‘ಶರಣು ಶರಣಾರ್ಥಿ’ ಎಂದರು. ತಾನು ಕೊಟ್ಟಿದ್ದಕ್ಕಿಂತ ಹೆಚ್ಚು ಬಂದಿತೆಂದು ಹರಳಯ್ಯನಿಗೆ ಅದು ಭಾರವಾಯಿತು. ಅವನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರು. ‘ಹಾಯ್’ ಎಂದಷ್ಟಕ್ಕೆ ಮುಗಿಯುವ ಇಂದಿನ ತರಬೇತಿಗೆ ಈ ಪಾಠ ಸೇರಿಸುವುದು ಕಷ್ಟ; ಸಾಮಗ್ರಿ ಖರ್ಚಿಗೆ ಯಾರೂ ಮಂಜೂರಾತಿ ಕೊಡುವುದಿಲ್ಲ.

ತೃತೀಯ ಅಧಿಕರಣ: ನಾಯಕತ್ವ. ಇಲ್ಲಿ ಶಾಸ್ತ್ರ ನಿಪ್ಪಾಣಿಗೆ ಹೋಗುತ್ತದೆ. ಬೀಡಿ ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಹದಕ್ಕೆ ತರುತ್ತಾರೆ. ಹೊಸ್ತಿಲ ಬಳಿ ಕುಳಿತ ಹೆಂಗಸು ಮಡಿಲಲ್ಲಿ ಮೊರ ಇಟ್ಟುಕೊಂಡು, ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ತಂಬಾಕು ಹಾಕಿ, ಸುತ್ತಿ, ತುದಿ ಮಡಚಿ, ದಾರ ಬಿಗಿಯುತ್ತಾಳೆ. ಅದೇ ಹೊತ್ತಿಗೆ ಒಲೆಯ ಮೇಲಿನ ಪಲ್ಯಕ್ಕೂ ಮಗುವಿನ ಅಳುವಿಗೂ ಎರಡು ಭಾಷೆಗಳಲ್ಲಿ ಉತ್ತರ ಕೊಡುತ್ತಾಳೆ: ಒಲೆಗೆ ಕನ್ನಡದಲ್ಲಿ, ಮಗುವಿಗೆ ಮರಾಠಿಯಲ್ಲಿ, ಕೆಲವೊಮ್ಮೆ ಅದಲುಬದಲು. ಕೂಲಿ ಮಾತ್ರ ಸಾವಿರ ಬೀಡಿಯ ಲೆಕ್ಕದಲ್ಲಿ. ಪಲ್ಯಕ್ಕೂ ಮಗುವಿಗೂ ದರ ಗೊತ್ತುಪಡಿಸಿಲ್ಲ.

ಇದೇ ಊರಿನ ತಂಬಾಕು ವಖಾರಿಗಳಲ್ಲಿ ಘಾಟು ಧೂಳಿನ ನಡುವೆ ದುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿದರು. 1982ರಲ್ಲಿ ದೀಪಾ ಧನರಾಜ್ ಮತ್ತು ಯುಗಾಂತರ್ ತಂಡದವರು ಅವರ ಮೇಲೆ ‘ತಂಬಾಕು ಚಾಕೀಲ ಊಬ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದಕ್ಕೂ ಮುಂಚೆ, 1981ರಲ್ಲಿ, ಶರದ್ ಜೋಶಿ ಅವರ ನಾಯಕತ್ವದಲ್ಲಿ ತಂಬಾಕು ಬೆಳೆಗಾರರು ನ್ಯಾಯದ ಬೆಲೆಗಾಗಿ ನಿಪ್ಪಾಣಿಯಲ್ಲಿ ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ 6ರಂದು ಗೋಲಿಬಾರ್ ಆಯಿತು, ರೈತರು ಸತ್ತರು. ಈ ಒಂದು ಪುಟದಲ್ಲಿ ಅಣಕಿಗೆ ಜಾಗವಿಲ್ಲ.

ಚತುರ್ಥ ಅಧಿಕರಣ: ಸಂಧಾನ. ಚಿಕ್ಕೋಡಿಯ ಸಂತೆಯಲ್ಲಿ ಮೆಣಸಿನಕಾಯಿಯ ಚೌಕಾಸಿ ಮರಾಠಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯಲು ಹತ್ತು ನಿಮಿಷ ಸಾಕು. ಅದೇ ಎರಡು ಭಾಷೆಗಳ ಗಡಿಯ ಬಗ್ಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಆ ಚೌಕಾಸಿ ಇನ್ನೂ ನಡೆದಿದೆ. ಸಂತೆಯವರನ್ನು ಕೇಳಿದ್ದರೆ ಎಂಬ ಪ್ರಶ್ನೆ ಪ್ರಬಂಧದ ವ್ಯಾಪ್ತಿಗೆ ಹೊರತು.

ಪಂಚಮ ಅಧಿಕರಣ: ಶ್ರೇಯಸ್ಸನ್ನು ಹಂಚಿಕೊಳ್ಳುವುದು. ಅಥಣಿಯಲ್ಲಿ ಹೊಲಿದ ಚಪ್ಪಲಿಗೆ ಊರೂರುಗಳಲ್ಲಿ ಇರುವ ಹೆಸರು ಕೊಲ್ಹಾಪುರಿ. 2018ರಲ್ಲಿ ಸಿಕ್ಕ ಭೌಗೋಳಿಕ ಸೂಚ್ಯಂಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಹೆಸರು ಮಾತ್ರ ಅದೇ ಉಳಿಯಿತು. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯಲ್ಲಿ ಅದೇ ಮಾಟದ ಜೋಡು ನಡೆಸಿದಾಗ ಕೊಲ್ಹಾಪುರದ ಹೆಸರೂ ಇರಲಿಲ್ಲ. ಗದ್ದಲವಾಯಿತು. ಡಿಸೆಂಬರ್‌ನಲ್ಲಿ ಚರ್ಮೋದ್ಯಮ ನಿಗಮಗಳಾದ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಜೊತೆ ಒಪ್ಪಂದ ಏರ್ಪಟ್ಟಿತು: 2000 ಜೋಡಿ, ಜೋಡಿಗೆ ಸುಮಾರು 800 ಯೂರೋ. ಅಥಣಿಯ ಪೇಟೆಯಲ್ಲೂ ಬೆಲೆ ನೂರುಗಳ ಲೆಕ್ಕದಲ್ಲೇ ಶುರುವಾಗುತ್ತದೆ, ರೂಪಾಯಿಯಲ್ಲಿ ಎಂಬುದಷ್ಟೇ ವ್ಯತ್ಯಾಸ.

ಕೊನೆಯದಾಗಿ ಪ್ರಯೋಗ. ಸಿದ್ಧಾಂತದ ಪರೀಕ್ಷೆಗೆಂದು ಪ್ರಬಂಧಕಾರರು ಅಥಣಿಯಲ್ಲಿ ಒಂದು ಜೋಡು ಕೊಂಡು, ಮೂರು ವಾರದಿಂದ ಕೊಬ್ಬರಿ ಎಣ್ಣೆ ಹಚ್ಚುತ್ತ ತಿರುಗುತ್ತಿದ್ದಾರೆ. ಎಡಗಾಲು ಸಿದ್ಧಾಂತವನ್ನು ಒಪ್ಪಿದೆ. ಬಲಗಾಲಿನ ಹೆಬ್ಬೆರಳು ಮಾತ್ರ, ಪಟ್ಟಿ ಕಟ್ಟಿಕೊಂಡು, ಇನ್ನೂ ಪೂರ್ವಪಕ್ಷದಲ್ಲೇ ಇದೆ.