ಎಪ್ಪತ್ತು ಸಾಕ್ಷಿ, ಒಬ್ಬ ಆರೋಪಿ

ಆಂಟಿವೈರಸ್ ಹಿಡಿದ ಫೈಲು ನಮಗೆ ಬೇಡದ್ದಾಗಿದ್ದರೆ ತೀರ್ಪು ಸುಲಭ. ಮದುವೆಯ ಆಮಂತ್ರಣವೆಂದು ಗೊತ್ತಿಲ್ಲದವರು ವಾಟ್ಸಾಪಿಗೆ ಕಳಿಸುವ ಎಪಿಕೆ ಫೈಲಿನ ಪರವಾಗಿ ಯಾರೂ ವಾದ ಮಾಡುವುದಿಲ್ಲ, ಅಳಿಸಿ ಕೈತೊಳೆದುಕೊಳ್ಳುತ್ತೇವೆ. ನಮಗೆ ಬೇಕಾದ ಫೈಲು ಸಿಕ್ಕಿಬಿದ್ದಾಗ ಮಾತ್ರ ನ್ಯಾಯ, ನೀತಿ, ಸಾಕ್ಷಿ, ಪುರಾವೆ ಎಲ್ಲ ನೆನಪಾಗುತ್ತವೆ.

ನನ್ನ ಆರೋಪಿ ಕನ್ನಡ ಟೈಪಿಂಗಿನ ಒಂದು ಹಳೆಯ ತಂತ್ರಾಂಶ. ಹೊಸ ಲ್ಯಾಪ್‌ಟಾಪಿಗೆ ಇಳಿಸಿಕೊಂಡದ್ದೇ ತಡ, ಪರದೆಯ ಮೂಲೆಯಲ್ಲಿ ಕೆಂಪು ಪಟ್ಟಿಯೊಂದು ಎದ್ದು, ಫೈಲನ್ನು ಕ್ವಾರಂಟೈನಿಗೆ ಹಾಕಿದ್ದೇನೆ ಎಂದಿತು. 2020 ಕಂಡವರಿಗೆ ಕ್ವಾರಂಟೈನ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

“ಕಳ್ಳ ಅಂತ ಅದೇ ಹೇಳ್ತಿದೆಯಲ್ರೀ, ತೆಗೆದುಹಾಕಿ,” ಎಂದಳು ಹೆಂಡತಿ.

ಆದರೆ ಆರೋಪಪಟ್ಟಿಯನ್ನೂ ಓದಬೇಕಲ್ಲ. ವೈರಸ್ಸಿನ ಹೆಸರಿನಲ್ಲಿ ‘ಜೆನೆರಿಕ್’ ಎಂದಿತ್ತು. ಅಂದರೆ ಇವನು ಇಂಥ ಕಳ್ಳನೇ ಎಂದು ಗುರುತು ಸಿಕ್ಕಿಲ್ಲ, ನಡವಳಿಕೆ ಮಾತ್ರ ಸರಿಯಿಲ್ಲ ಎಂದರ್ಥ. ನಡವಳಿಕೆ ಸರಿಯಿರುವುದಾದರೂ ಹೇಗೆ? ಇಂಗ್ಲಿಷಿನ ಕೀಲಿ ಒತ್ತಿದರೆ ಕನ್ನಡದ ಅಕ್ಷರ ಮೂಡಬೇಕಾದರೆ, ನಾನು ಒತ್ತುವ ಒಂದೊಂದು ಕೀಲಿಯನ್ನೂ ಅದು ನಡುದಾರಿಯಲ್ಲಿ ತಡೆದು, ನೋಡಿ, ಬದಲಿಸಿ ಮುಂದಕ್ಕೆ ಬಿಡಬೇಕು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಹೀಗೆಯೇ ತಡೆದು ನೋಡುತ್ತದೆ. ಬದಲಿಸುವ ಗೋಜಿಗೆ ಹೋಗದೆ ಬರೆದಿಟ್ಟುಕೊಂಡು ತನ್ನ ಧಣಿಗೆ ಕಳಿಸುತ್ತದೆ, ಅಷ್ಟೆ. ಕನ್ನಡದಲ್ಲಿ ಬರೆಯುವ ಚಟವೇ ಆಂಟಿವೈರಸ್ಸಿನ ಕಣ್ಣಿಗೆ ಕಳ್ಳತನದ ಲಕ್ಷಣ.

ಕಾವಲುಗಾರರು ಎಡವುವುದು ಹೊಸದೂ ಅಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿ ಹೊರಬಿಟ್ಟ ಅಪ್‌ಡೇಟು, ವಿಂಡೋಸ್ ಎಕ್ಸ್‌ಪಿಯ ಜೀವಾಳವಾದ ಎಸ್‌ವಿಸಿಹೋಸ್ಟ್ ಎಂಬ ಫೈಲನ್ನೇ ವೈರಸ್ಸೆಂದು ಹಿಡಿಯಿತು. ಜಗತ್ತಿನ ಅನೇಕ ಕಚೇರಿಗಳಲ್ಲಿ ಕಂಪ್ಯೂಟರುಗಳು ಆರಿ ಹತ್ತಿ, ಹತ್ತಿ ಆರಿ ಒದ್ದಾಡಿದವು. 2012ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಸೋಫೋಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನದೇ ಅಪ್‌ಡೇಟ್ ಫೈಲುಗಳನ್ನು ಹಿಡಿದುಹಾಕಿತು. ತಪ್ಪು ತಿದ್ದುವ ಅಪ್‌ಡೇಟು ಒಳಗೆ ಬರಬೇಕಾದ ಬಾಗಿಲೂ ಅದೇ ಆಗಿತ್ತೆನ್ನುವುದು ಈ ಕತೆಯ ಸ್ವಾರಸ್ಯ.

ತಂಗಿಯ ಮಗನಿಗೆ ಫೋನ್ ಮಾಡಿದೆ. “ಮಾವ, ಆ ಫೈಲನ್ನು ಹೊರಗೆ ತೆಗೀಬೇಡಿ. ಮೊದಲು ಹ್ಯಾಶ್ ತಾಳೆ ನೋಡಿ,” ಎಂದ. ಆಂಟಿವೈರಸ್ಸಿನ ವರದಿಯಲ್ಲೇ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಗುರುತಿತ್ತು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಈ ಸಾಲು ಪೂರಾ ಬದಲಾಗುತ್ತದಂತೆ. ತಂತ್ರಾಂಶ ಮಾಡಿದವರ ಪುಟದಲ್ಲೂ ಅಂಥದೇ ಸಾಲಿತ್ತು. ನಾನು “ಏಳು, ಎಫ್, ಸೊನ್ನೆ, ಬಿ” ಎಂದು ಓದುತ್ತ ಹೋದೆ. ಹೆಂಡತಿ ಪೆನ್ನಿನ ತುದಿಯಿಂದ ಒಂದೊಂದೇ ಅಕ್ಷರ ಮುಟ್ಟುತ್ತ “ಹ್ಞೂಂ” ಎನ್ನುತ್ತ ಬಂದಳು. ನಡುವೆ ಕುಕ್ಕರ್ ಕೂಗಿದ್ದರಿಂದ ಮತ್ತೆ ಮೊದಲಿನಿಂದ. ಕೊನೆಗೂ ತಾಳೆಯಾಯಿತು.

“ಅಷ್ಟಕ್ಕೇ ಕುಣೀಬೇಡಿ ಮಾವ,” ಎಂದ ಅಳಿಯ. “ದಾರಿಯಲ್ಲಿ ಯಾರೂ ಕಲಬೆರಕೆ ಮಾಡಿಲ್ಲ ಅಂತಷ್ಟೇ ಆಯ್ತು. ಮಾಡಿದವರೇ ಸಾಚಾನಾ ಅನ್ನೋದು ಬೇರೆ ಪ್ರಶ್ನೆ.”

ಮುಂದಿನ ಕಟ್ಟೆ ವೈರಸ್‌ಟೋಟಲ್. 2004ರಲ್ಲಿ ಸ್ಪೇನಿನಲ್ಲಿ ಶುರುವಾಗಿ 2012ರಲ್ಲಿ ಗೂಗಲ್ ಪಾಲಾದ ಈ ತಾಣದಲ್ಲಿ ಎಪ್ಪತ್ತರ ಆಸುಪಾಸು ಆಂಟಿವೈರಸ್‌ಗಳು ಒಟ್ಟಿಗೆ ಕೂತು ಅಭಿಪ್ರಾಯ ಹೇಳುತ್ತವೆ. ಫೈಲು ಕೊಡಲೇಬೇಕೆಂದಿಲ್ಲ, ಹ್ಯಾಶ್ ಅಂಟಿಸಿದರೂ ಸಾಕು. ಬ್ಯಾಂಕಿನ ಕಾಗದ, ಆಸ್ತಿಪತ್ರ ಇಂಥವನ್ನಂತೂ ಅಲ್ಲಿಗೆ ಏರಿಸಲೇಬಾರದು. ಏರಿಸಿದ್ದು ಅಲ್ಲಿನ ಚಂದಾದಾರರ ಕೈಗೂ ಸಿಗುತ್ತದೆ.

ನನ್ನ ಫೈಲಿಗೆ ನಾಲ್ಕು ಕೆಂಪು ಸಾಲು, ಉಳಿದೆಲ್ಲ ಹಸಿರು. ಕಣ್ಣಗಲಿಸಿ ನೋಡಿದರೆ ಆ ನಾಲ್ಕರಲ್ಲಿ ಮೂವರು ಹೇಳಿದ ವೈರಸ್ಸಿನ ಹೆಸರು ಅಕ್ಷರಶಃ ಒಂದೇ. ಹಲವು ಕಂಪನಿಗಳು ಒಂದೇ ಎಂಜಿನ್ನನ್ನು ಬಾಡಿಗೆಗೆ ತಂದು ತಮ್ಮ ಹೆಸರಿನಲ್ಲಿ ಮಾರುತ್ತವೆ. ನಮ್ಮ ಸೋದರತ್ತೆಯರ ಹಾಗೆ: ಹಿರಿಯತ್ತೆ ಹೇಳಿದ್ದನ್ನೇ ಉಳಿದಿಬ್ಬರು ತಾವೇ ಕಣ್ಣಾರೆ ಕಂಡಂತೆ ಹೇಳುತ್ತಿದ್ದರು, ಊರಿನವರು ಮೂರು ಸಾಕ್ಷಿ ಎಂದು ಎಣಿಸುತ್ತಿದ್ದರು. ಹೀಗೆ ಒಬ್ಬರ ಮಾತನ್ನು ಇನ್ನೊಬ್ಬರು ನಕಲು ಮಾಡುವುದನ್ನು ರಷ್ಯಾದ ಕ್ಯಾಸ್ಪರ್‌ಸ್ಕಿ ಕಂಪನಿ ಪರೀಕ್ಷಿಸಿಯೂ ನೋಡಿ 2010ರಲ್ಲಿ ಬಯಲು ಮಾಡಿತು. 20 ನಿರಪಾಯಕಾರಿ ಫೈಲು ತಯಾರಿಸಿ, 10ಕ್ಕೆ ಬೇಕೆಂದೇ ಕಳ್ಳನ ಪಟ್ಟ ಕಟ್ಟಿ ವೈರಸ್‌ಟೋಟಲಿಗೆ ಬಿಟ್ಟರು. ಹತ್ತು ದಿನದೊಳಗೆ ಆ ಹತ್ತನ್ನೂ ಬೇರೆ ಕಂಪನಿಗಳು, ಹೆಚ್ಚೆಂದರೆ 14ರವರೆಗೆ, ಕಳ್ಳನೆಂದು ಸಾರತೊಡಗಿದ್ದವು.

ಹಾಗೆಂದು ಪೂರಾ ಹಸಿರಾದರೆ ನಿಶ್ಚಿಂತೆ ಎಂದೂ ಇಲ್ಲ. ನಿನ್ನೆ ಮೊನ್ನೆ ಹುಟ್ಟಿದ ಅಸಲಿ ವೈರಸ್ಸಿನ ಮೇಲೆ ಎಷ್ಟೋ ಸಲ ಒಬ್ಬರೂ ದೂರು ಹೇಳುವುದಿಲ್ಲ. ಕೊನೆಗೆ ಉಳಿದ ಮರ್ಯಾದಸ್ತ ದಾರಿ ಒಂದೇ: ಫೈಲನ್ನು ಕ್ವಾರಂಟೈನಿನಲ್ಲೇ ಬಿಟ್ಟು, ಹಿಡಿದವರಿಗೇ ‘ಇನ್ನೊಮ್ಮೆ ನೋಡಿ’ ಎಂದು ಅರ್ಜಿ ಹಾಕುವುದು. ಹಾಕಿದೆ. ಕೆಲವು ದಿನ ಕಳೆದು ಅಪ್‌ಡೇಟು ಬಂತು. ಕೆಂಪು ಪಟ್ಟಿ ಮಾಯವಾಯಿತು, ಫೈಲು ತನ್ನ ಜಾಗದಲ್ಲಿತ್ತು.

“ತಪ್ಪಾಯ್ತು ಅಂತ ಒಂದು ಮಾತಾದ್ರೂ ಹೇಳ್ತಾ?” ಎಂದಳು ಹೆಂಡತಿ.

“ಇಲ್ಲ, ಸುಮ್ಮನಾಯಿತು.”

“ಹಾಗಾದ್ರೆ ಅನುಮಾನವೇ ಬೇಡ, ನಿಮ್ಮ ಸೋದರತ್ತೆಯರದೇ ಎಂಜಿನ್ನು!”