ನಿದಾನವೇ ಪ್ರಧಾನ

ನಮ್ಮ ಬೀದಿಯ ಮೂಲೆಮನೆ ಮೇಷ್ಟ್ರ ಪ್ರೀಮಿಯರ್ ಪದ್ಮಿನಿಯ ಹಿಂದಿನ ಗಾಜಿನ ಮೇಲೆ ‘ನಿದಾನವೇ ಪ್ರಧಾನ’ ಎಂದು ಬರೆದಿದೆ. ಪೇಂಟರ್ ಆ ‘ಧ’ದ ಹೊಟ್ಟೆ ಸೀಳುವುದನ್ನು ಮರೆತಿದ್ದ. ಹೈಸ್ಕೂಲಿನಲ್ಲಿ ಮಹಾಪ್ರಾಣಕ್ಕಾಗಿ ಎಷ್ಟೋ ಮಕ್ಕಳ ಕಿವಿ ಹಿಂಡಿದ ಮೇಷ್ಟ್ರು ಇದೊಂದನ್ನು ಮಾತ್ರ ತಿದ್ದಿಸಲಿಲ್ಲ. ‘ಆಯುರ್ವೇದದಲ್ಲಿ ನಿದಾನ ಅಂದ್ರೆ ರೋಗ ಪತ್ತೆಹಚ್ಚೋದು ಕಣ್ರೀ. ಸರಿಯಾಗೇ ಬರ್ದಿದ್ದಾನೆ ಬಿಡಿ’ ಅಂದರು.

ರೋಗ ಇರುವುದು ನಿಜ. ಪದ್ಮಿನಿಗೆ ಬ್ರೇಕ್ ಹಿಡಿಯುವುದಿಲ್ಲ. ಹಾಗಂತ ಪೂರ್ತಿ ಹಿಡಿಯುವುದಿಲ್ಲ ಎಂದರೆ ಮೇಷ್ಟ್ರಿಗೆ ಕೋಪ ಬರುತ್ತದೆ, ಬೇಡಿಕೊಂಡರೆ ಹಿಡಿಯುತ್ತದೆ. ಮೊದಲ ಸಲ ತುಳಿದಾಗ ಪೆಡಲ್ ನೆಲ ಮುಟ್ಟಿ ಮಲಗುತ್ತದೆ. ಎರಡನೇ ಸಲಕ್ಕೆ ಅರ್ಧ ಏಳುತ್ತದೆ. ಮೂರನೇ ಸಲಕ್ಕೆ ನಿಂತರೆ ಹೇಗೆ ಅಂತ ಕಾರು ಯೋಚನೆ ಮಾಡುತ್ತದೆ. ರಾಮಸ್ವಾಮಿ ಸರ್ಕಲ್ ಸಿಗ್ನಲ್ಲಿನಲ್ಲಿ ನಿಲ್ಲಬೇಕಾದರೆ ಮೇಷ್ಟ್ರು ಅದರ ಹಿಂದಿನ ಬಸ್‌ಸ್ಟಾಪಿನಿಂದಲೇ ತುಳಿಯಲು ಶುರುಮಾಡುತ್ತಾರೆ.

ಗ್ಯಾರೇಜಿಗೆ ಬಿಡಬಾರದೇ ಎಂದರೆ, ‘ಏನಾಗಿದೆ ಅಂತ ನಮಗೇ ಗೊತ್ತಿಲ್ದೆ ಹೋಗೋದಾ? ಪಾಠ ಓದ್ದೆ ಪರೀಕ್ಷೆಗೆ ಕೂತ ಹಾಗಾಗತ್ತೆ.’

ಇಂಥವರು ಬೀದಿಗೊಬ್ಬರು ಇರುತ್ತಾರೆ. ಒಬ್ಬರಿಗೆ ಬೋರ್‌ವೆಲ್ ಮೋಟರು, ಇನ್ನೊಬ್ಬರಿಗೆ ಯುಪಿಎಸ್ಸು, ನಮ್ಮ ಮೇಷ್ಟ್ರಿಗೆ ಬ್ರೇಕು. ಅವರ ಕಣ್ಣಿಗೆ ರಿಪೇರಿ ಮಾಡಿಸುವವನು ಹರಿಕಥೆಯ ಮಧ್ಯೆ ಎದ್ದುಹೋಗುವ ಒರಟ.

ಭಾನುವಾರ ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಕರೆ ಬರುತ್ತದೆ: ‘ಸ್ವಲ್ಪ ಕಾಲು ಕೊಡ್ತೀರಾ?’ ನನ್ನನ್ನು ಡ್ರೈವರ್ ಸೀಟಿಗೆ ಕೂರಿಸಿ, ತಾವು ನ್ಯೂಸ್‌ಪೇಪರ್ ಹಾಸಿಕೊಂಡು ಹಿಂದಿನ ಎಡಗಾಲಿಯ ಬಳಿ ಮಲಗುತ್ತಾರೆ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿ ಅದು. ಗಾಳಿ ತೆಗೆಯುವುದು ಅಲ್ಲಿಂದಲೇ. ‘ತುಳೀರಿ… ತುಳೀರಿ… ಹಿಡ್ಕೊಳ್ಳಿ!’ ಪೈಪಿನ ತುದಿಯ ಬಾಟಲಿಯಲ್ಲಿ ಗೋಲಿಸೋಡದ ಹಾಗೆ ಗುಳ್ಳೆ ಏಳುತ್ತವೆ. ‘ಬಂತು! ದ್ರವವನ್ನ ಅದುಮಕ್ಕಾಗಲ್ಲ, ಗಾಳೀನ ಅದುಮಬಹುದು. ನೀವು ತುಳಿದದ್ದೆಲ್ಲ ಈ ಗುಳ್ಳೆ ಅದುಮೋದಕ್ಕೇ ಖರ್ಚಾಯ್ತು. ಪಾಸ್ಕಲ್ ಏನು ಹೇಳ್ದ?’ ಪಾಸ್ಕಲ್ ಹೇಳಿದ್ದು ನನಗೆ ಎಂಟನೇ ಕ್ಲಾಸಿನಲ್ಲೂ ನೆನಪಿರಲಿಲ್ಲ.

ಗಾಳಿ ತೆಗೆದರೂ ಪೆಡಲ್ ಹಾಗೇ. ಮುಂದಿನ ಭಾನುವಾರ ಬೇರೆ ಪರೀಕ್ಷೆ: ತುಳಿದು ಹಿಡಿದು ಇಪ್ಪತ್ತು ಎಣಿಸುವುದು. ಹನ್ನೆರಡಕ್ಕೆ ಪೆಡಲ್ ಮೆಲ್ಲಗೆ ಇಳಿಯತೊಡಗಿತು. ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಿಲ್ಲ, ಪೆಡಲ್ ಮಾತ್ರ ಇಳಿಯುತ್ತಿದೆ. ಹಾಗಾದರೆ ಒಳಗಿನ ರಬ್ಬರು ಸವೆದಿದೆ. ‘ತಪ್ಪು ಮಾಸ್ಟರ್ ಸಿಲಿಂಡರಿಂದು!’

‘ಹೆಸರಲ್ಲೇ ಇದೆಯಲ್ಲ, ತಪ್ಪು ಮೇಷ್ಟ್ರದ್ದೇ ಅಂತ’ ಎಂದರು ಕಾಫಿ ತಂದ ಅವರ ಮನೆಯವರು.

ಮೂರನೇ ವಾರ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಒಂದು ಕಲೆ ಕಂಡಿತು. ಮೇಷ್ಟ್ರು ಜಾತಕ ಹಿಡಿದ ಹಾಗೆ ಅದನ್ನು ಬೆಳಕಿಗೆ ಹಿಡಿದರು, ಮೂಸಿದರು. ಎಂಜಿನ್ ಆಯಿಲ್ ಅಲ್ಲ, ಬ್ರೇಕ್ ಆಯಿಲ್. ವೀಲ್ ಸಿಲಿಂಡರ್ ಒಸರುತ್ತಿದೆ. ಆದರೆ ಪಂಪ್ ಮಾಡಿದರೆ ಪೆಡಲ್ ಮೇಲೇಳುವುದೇಕೆ? ಶೂಗೂ ಡ್ರಮ್ಮಿಗೂ ಅಂತರ ಹೆಚ್ಚಾಗಿರಬೇಕು. ನಾಲ್ಕೂ ಗಾಲಿಗೆ ಡ್ರಮ್ಮೇ ಆದ್ದರಿಂದ ಅನುಮಾನವೂ ನಾಲ್ಕು ಪಟ್ಟು. ಎಲ್ಲವೂ ಡೈರಿಯಲ್ಲಿ ದಾಖಲಾಯಿತು. ಹೀಗೆ ಮೂರು ವರ್ಷ, ಎರಡು ಡೈರಿ.

ಕೊನೆಗೆ ಆಷಾಢದ ಒಂದು ಶುಕ್ರವಾರ ಕಳೆದ ಮೇಲೆ, ಜನ ಕಡಿಮೆಯಾದ ದಿನ ನೋಡಿ, ದಂಪತಿ ಚಾಮುಂಡಿ ಬೆಟ್ಟಕ್ಕೆ ಹೋದರು. ಹಿಂದಿನ ಸೀಟಿನಲ್ಲಿ ನಾನು. ಇಳಿಯುವಾಗ ಮೇಷ್ಟ್ರು ಎರಡನೇ ಗೇರಿಗೆ ಹಾಕಿ ಪಾಠ ಶುರುಮಾಡಿದರು: ‘ಬ್ರೇಕ್ ಆಯಿಲ್ ಗಾಳಿಯಲ್ಲಿರೋ ನೀರು ಹೀರ್ಕೊಳ್ಳತ್ತೆ. ಡಾಟ್ 3 ಹೊಸದಾಗಿದ್ದಾಗ 205 ಡಿಗ್ರಿ ತಂಕ ಕುದಿಯಲ್ಲ. ನೀರು ಸೇರಿದ್ರೆ 140ಕ್ಕೇ ಕುದ್ದು ಆವಿ ಆಗಬಹುದು. ಆವಿ ಅಂದ್ರೆ ಮತ್ತೆ ಗಾಳಿ ಇದ್ದಂಗೇ…’ ಹೇಳುತ್ತ ಒಂದು ಕೈ ಸ್ಟೇರಿಂಗ್ ಬಿಟ್ಟು ಆವಿ ಏಳುವುದನ್ನು ತೋರಿಸಿದರು.

‘ರೀ, ಆಯಿಲ್ ಕುದಿಯೋದು ಆಮೇಲಾಯ್ತು. ಮುಂದೆ ತಿರುವಿದೆ.’

ಮೇಷ್ಟ್ರು ತುಳಿದರು, ತುಳಿದರು, ತುಳಿದರು. ತಿರುವಿನ ಪಕ್ಕದ ಮಣ್ಣಿನ ದಿಬ್ಬಕ್ಕೆ ಬಂಪರ್ ಮೆತ್ತಗೆ ತಾಗಿ ಪದ್ಮಿನಿ ನಿಂತಿತು. ಮೇಷ್ಟ್ರು ಜೇಬಿನಿಂದ ಡೈರಿ ತೆಗೆದರು. ಮನೆಯವರು ಅದನ್ನು ಕಿತ್ತುಕೊಂಡು, ಪರ್ಸಿನಿಂದ ಫೋನ್ ತೆಗೆದರು.

ಮೆಕ್ಯಾನಿಕ್ಕು ಬಂದ, ಕಾರನ್ನು ಎಳೆಸಿಕೊಂಡು ಹೋದ. ಮರುದಿನ ನಾವು ಹೋದಾಗ ಡ್ರಮ್ಮುಗಳು ಬಿಚ್ಚಿದ್ದವು. ಲೈನರ್ ಸವೆದು ರಿವೆಟ್ ಕಾಣುತ್ತಿತ್ತು, ವೀಲ್ ಸಿಲಿಂಡರ್ ಒಸರುತ್ತಿತ್ತು, ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿತ್ತು, ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಮೇಷ್ಟ್ರ ಮುಖ ರ‍್ಯಾಂಕ್ ಬಂದ ಹುಡುಗನ ಹಾಗಾಯಿತು.

‘ನೋಡಿದ್ರಾ! ನಾನು ಹೇಳಿದ್ದು ಒಂದಾದ್ರೂ ತಪ್ಪಿದೆಯೇನಯ್ಯಾ?’

‘ಇಲ್ಲ ಸಾರ್’ ಎಂದ ಮೆಕ್ಯಾನಿಕ್ಕು, ಕೈ ಒರೆಸಿಕೊಳ್ಳುತ್ತ. ಆಮೇಲೆ ಮುಂದಿನ ಎಡಗಡೆ ಸೀಟಿನ ಕೆಳಗಿನ ಮ್ಯಾಟ್ ಎತ್ತಿ ಹಿಡಿದ. ಅಮ್ಮನವರ ಬಲಗಾಲು ಇರುವ ಜಾಗದಲ್ಲಿ ಅಂಗೈಯಗಲ ತೂತು.

‘ಆದ್ರೆ ಎಲ್ಲಕ್ಕಿಂತ ಜಾಸ್ತಿ ಸವೆದಿರೋದು ಈ ಬ್ರೇಕು ಸಾರ್. ಇದನ್ನೂ ಹೊಸದು ಹಾಕ್ಬಿಡ್ಲಾ?’