ಭೀಮನಿಗೊಂದು ಬೆಲ್ಟು

“ಇವತ್ತು ಭುಜಾನೇ ಕಿತ್ಕೊಂಡು ಹೋಗೋದ್ರಲ್ಲಿತ್ತು ನೋಡಪ್ಪಾ” ಎಂದರು ಪಕ್ಕದ ಮನೆ ಅಕ್ಕ, ಕಾಂಪೌಂಡಿನ ಮೇಲೆ ಮೊಣಕೈ ಊರಿ. ಚೈನು ಉಜ್ಜಿ ಅಂಗೈಯಲ್ಲಿ ಕೆಂಪು ಬರೆ ಎದ್ದಿತ್ತು. ಅವರ ಹಿಂದೆ ನುಗ್ಗೆ ಮರದ ಬುಡದಲ್ಲಿ ಭೀಮ ನಾಲಿಗೆ ಚಾಚಿ ಕೂತಿದ್ದ. ಜರ್ಮನ್ ಶೆಫರ್ಡ್, ಎರಡು ವರ್ಷ ತುಂಬಿದ ಗಂಡು, ತೂಕ ಮೂವತ್ತೈದು ಕಿಲೋ ಆಸುಪಾಸು. ಮರಿ ತಂದವನು ಅವರ ಮಗ. ಅವನಿಗೆ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ಅವನು ಮನೆಗೆ ಬಂದು ಮಲಗುವ ಹೊತ್ತೇ ನಾಯಿ ಹೊರಗೆ ಹೋಗುವ ಹೊತ್ತು. ಹಾಗಾಗಿ ಚೈನು ಹಿಡಿಯುವುದು ಅಮ್ಮನ ಪಾಲಿಗೆ ಬಂದಿದೆ.

ಕೋಲಾರಮ್ಮ ಕೆರೆ ಕಡೆ ಹೋಗುವ ದಾರಿಯಲ್ಲಿ ಕೋಳಿ ಅಂಗಡಿ ಪಕ್ಕ ಬೀದಿನಾಯಿಗಳ ಗುಂಪೊಂದು ಇರುತ್ತದೆ. ಅವು ಬೊಗಳಿದವು, ಭೀಮ ಹಾರಿದ, ಅಕ್ಕ ಮುಗ್ಗರಿಸಿದರು. ಪುಣ್ಯಕ್ಕೆ ಎದುರಿಗೆ ಗಾಡಿ ಬರಲಿಲ್ಲ.

“ಅಂಗಡಿಯವನು ಹೇಳ್ದ, ಒಳಗಡೆ ಕಬ್ಬಿಣದ ಮುಳ್ಳಿರೋ ಬೆಲ್ಟು ಬರ್ತದಂತೆ. ಎಳೆದ್ರೆ ಚುಚ್ಚುತ್ತೆ, ಒಂದೇ ದಿನಕ್ಕೆ ದಾರಿಗೆ ಬರ್ತಾನೆ ಅಂದ. ತರಿಸ್ಬಿಡ್ಲಾ?”

“ಬೇಡಕ್ಕಾ, ಅದೊಂದು ಬೇಡ” ಎಂದೆ. ಅಷ್ಟು ಹೇಳಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಅಕ್ಕನಿಗೂ ಒಲೆ ಮೇಲೆ ಏನೂ ಇರಲಿಲ್ಲ. ಮಾತು ಬೆಳೆಯಿತು.

ನಾಯಿ ಎಂದ ತಕ್ಷಣ ಕೊರಳಿಗೆ ಒಂದು ಬೆಲ್ಟು, ಅದಕ್ಕೊಂದು ಚೈನು ಎಂದೇ ನಮ್ಮ ಲೆಕ್ಕ. ಆ ಕೊರಳಿನೊಳಗೆ ಏನೇನಿದೆ? ಉಸಿರಾಡುವ ನಾಳ ಅಲ್ಲೇ, ಅನ್ನನಾಳ ಅಲ್ಲೇ, ಥೈರಾಯ್ಡ್ ಗ್ರಂಥಿ ಅಲ್ಲೇ, ತಲೆಗೆ ರಕ್ತ ಒಯ್ಯುವ ನಾಳಗಳೂ ಅಲ್ಲೇ. ಮೂವತ್ತೈದು ಕಿಲೋದ ಜೀವ ಮುಂದಕ್ಕೆ ನುಗ್ಗಿದಾಗ ಆ ಜೋರೆಲ್ಲ ಎರಡು ಬೆರಳಗಲದ ಪಟ್ಟಿಯ ಕೆಳಗೆ ಬೀಳುತ್ತದೆ. ಭೀಮ ಎಳೆಯುತ್ತ ಗೇಟು ದಾಟುವಾಗ ಗೊರಗೊರ ಕೆಮ್ಮುವುದು ನಮ್ಮ ಅಡುಗೆಮನೆಯವರೆಗೆ ಕೇಳಿಸುತ್ತದೆ. ನಾಯಿ ಬೆಲ್ಟಿನಲ್ಲಿ ಎಳೆದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಎದೆಪಟ್ಟಿ ಹಾಕಿ ಎಳೆದಾಗ ಹಾಗೆ ಏರುವುದಿಲ್ಲ ಎಂದು ಅಮೆರಿಕದ ಪಶುವೈದ್ಯರು 2006ರಲ್ಲೇ ಅಳೆದು ಪ್ರಕಟಿಸಿದ್ದಾರೆ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ನಾಯಿಯ ಕೊರಳಿನ ಮಾದರಿಯೊಂದನ್ನು ಮಾಡಿ, ಅದಕ್ಕೆ ಬೇರೆ ಬೇರೆ ನಮೂನೆಯ ಬೆಲ್ಟು ಹಾಕಿ ಎಳೆದು ನೋಡಿದರು. ಎಳೆಯುವ ನಾಯಿಗೆ ಪೆಟ್ಟಾಗದಷ್ಟು ಹಗುರ ಒತ್ತಡ ಯಾವ ಬೆಲ್ಟಿನಲ್ಲೂ ಸಿಗಲಿಲ್ಲ, ಮೆತ್ತೆ ಹಾಕಿದ ಅಗಲ ಬೆಲ್ಟಿನಲ್ಲೂ ಸಿಗಲಿಲ್ಲ ಎಂದು 2020ರಲ್ಲಿ ಬರೆದರು. ಸಾದಾ ಬೆಲ್ಟಿನ ಕತೆಯೇ ಹೀಗಾದರೆ ಮುಳ್ಳಿನ ಬೆಲ್ಟಿನದು, ಎಳೆದಷ್ಟೂ ಬಿಗಿಯುವ ಚೋಕ್ ಚೈನಿನದು ಬೇರೆ ಹೇಳಬೇಕೆ?

ಮುಳ್ಳಿನ ಬೆಲ್ಟಿಗೆ ಇನ್ನೊಂದು ಕೆಟ್ಟ ಗುಣವಿದೆ. ಎದುರಿಗೆ ಬೀದಿನಾಯಿ ಕಂಡಾಗಲೆಲ್ಲ ಕೊರಳಿಗೆ ಮುಳ್ಳು ಚುಚ್ಚಿದರೆ ಭೀಮ ಏನು ಕಲಿಯುತ್ತಾನೆ? ನಾನು ಎಳೆದೆ, ಅದಕ್ಕೇ ನೋವಾಯಿತು ಎಂದಲ್ಲ. ಆ ನಾಯಿ ಬಂತು, ನನಗೆ ನೋವಾಯಿತು ಎಂದು. ಮುಂದಿನ ಸಲ ಇನ್ನೂ ದೂರದಿಂದಲೇ ಗುರ್ರೆನ್ನುತ್ತಾನೆ. ಒಳ್ಳೆಯ ಸ್ವಭಾವದ ನಾಯಿ ಕಚ್ಚುವ ನಾಯಿಯಾಗುವುದಕ್ಕೆ ಇದೂ ಒಂದು ದಾರಿ. ಇಂಥದ್ದನ್ನು ಅಂಗಡಿಯಲ್ಲಿ ತೂಗುಹಾಕಿ ಮಾರುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

“ಹಂಗಾದ್ರೆ ಎದೆಗೆ ಹಾಕೋದು ತರಿಸ್ಲಾ? ಬೆಂಗಳೂರಲ್ಲಿ ಎಲ್ರೂ ಅದನ್ನೇ ಹಾಕಿರ್ತಾರೆ.”

ಎದೆಪಟ್ಟಿ, ಅಂದರೆ ಹಾರ್ನೆಸ್, ಕೊರಳಿಗಂತೂ ಒಳ್ಳೆಯದು. ಆದರೆ ಕೊಂಡಿ ಎಲ್ಲಿದೆ ಎಂದು ನೋಡಬೇಕು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಬೆನ್ನಿನ ಮೇಲೆ ಕೊಂಡಿ ಇರುವುದು. ಹಿಮದ ನಾಡಿನಲ್ಲಿ ನಾಯಿಗಳು ಜಾರುಬಂಡಿ ಎಳೆಯುವುದೂ ಹಿಂದೆ ಹಗ್ಗವಿರುವ ಎದೆಪಟ್ಟಿಯಿಂದಲೇ. ಕೊರಳಿಗೆ ನೋವಿಲ್ಲದೆ ಎದೆ ಕೊಟ್ಟು ನುಗ್ಗಲು ಅನುಕೂಲ ಮಾಡಿಕೊಟ್ಟರೆ ಭೀಮ ಇನ್ನೂ ಹುರುಪಿನಿಂದ ಎಳೆಯುತ್ತಾನೆ. ಕೊಂಡಿ ಎದೆಯ ಮುಂದೆ ಇರುವ ಎದೆಪಟ್ಟಿ ಬೇರೆ. ಅದರಲ್ಲಿ ನಾಯಿ ಮುಂದಕ್ಕೆ ನುಗ್ಗಿದರೆ ಮೈ ಪಕ್ಕಕ್ಕೆ ತಿರುಗುತ್ತದೆ, ಜೋರು ಮುರಿಯುತ್ತದೆ. ಸಾಧಾರಣ ಎಳೆಯುವ ಲ್ಯಾಬ್ರಡಾರಿಗೆ ಅದು ಸಾಕು. ನಾಯಿಗೂ ಹಿಡಿದವರಿಗೂ ತೂಕದಲ್ಲಿ ಹೆಚ್ಚು ಅಂತರವಿಲ್ಲದಾಗ, ಹಿಡಿದವರ ವಯಸ್ಸು ಅರವತ್ತರ ಹತ್ತಿರ ಬಂದಾಗ, ನಾನು ಹೇಳುವುದು ಮುಖಪಟ್ಟಿ. ಹೆಡ್ ಕಾಲರ್ ಎಂದು ಕೇಳಿದರೆ ಅಂಗಡಿಯವರಿಗೆ ತಿಳಿಯುತ್ತದೆ.

“ಮುಖಕ್ಕಾ? ಅಯ್ಯೋ, ಬಾಯಿ ಕಟ್ಟಿದಂಗಾಗಲ್ವಾ?”

ಇಲ್ಲ. ಬಾಯಿ ಕಟ್ಟುವುದು ಕಚ್ಚದಿರಲಿ ಎಂದು ಹಾಕುವ ಮೂತಿಬುಟ್ಟಿಯ ಕೆಲಸ. ಇದು ಎರಡೇ ಪಟ್ಟಿ. ಒಂದು ಕಿವಿಯ ಹಿಂದೆ ಕುತ್ತಿಗೆಯ ಮೇಲ್ಭಾಗವನ್ನು ಸುತ್ತುತ್ತದೆ, ಇನ್ನೊಂದು ಮೂತಿಯ ಸುತ್ತ ಸಡಿಲವಾಗಿ ಬರುತ್ತದೆ. ಹಗ್ಗದ ಕೊಂಡಿ ಗಲ್ಲದ ಕೆಳಗೆ. ನಾಯಿ ಬಾಯಿ ತೆರೆಯಬಹುದು, ಏದುಸಿರು ಬಿಡಬಹುದು, ನೀರು ಕುಡಿಯಬಹುದು, ಬೊಗಳಬಹುದು, ಮನಸ್ಸು ಮಾಡಿದರೆ ಕಚ್ಚಲೂಬಹುದು. ನಮ್ಮ ಬಿಸಿಲಿಗೆ ಇದು ಮುಖ್ಯ. ನಾಯಿಗೆ ಮೈಯ ಕಾವು ಇಳಿಸಿಕೊಳ್ಳಲು ತೆರೆದ ಬಾಯಿಯೇ ಮುಖ್ಯ ದಾರಿ.

ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, “ಓ, ಡೈರಿಗೆ ಹಾಲು ಹಾಕೋ ಸೀಮೆ ಹಸೂಗೆ ಮುಖಕ್ಕೆ ಹಗ್ಗ ಸುತ್ತಿ ಗಲ್ಲದ ಕೆಳಗೆ ಹಿಡ್ಕೋತೀವಲ್ಲ, ಹಂಗೆ ಅನ್ನು” ಎಂದರು. ಅವರ ತವರು ಶ್ರೀನಿವಾಸಪುರದ ಕಡೆ. ಮಾವಿನ ತೋಟ, ನಾಲ್ಕಾರು ಹಸು ಇದ್ದ ಮನೆ. ನಾನು ಇಷ್ಟು ಹೊತ್ತು ಹೆಣಗಾಡಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ನಾನೂರು ಕಿಲೋದ ಹಸುವನ್ನು ಕೊರಳ ಹಗ್ಗದಲ್ಲಿ ಎಳೆದರೆ ಅದು ಕಾಲೂರಿ ನಿಲ್ಲುತ್ತದೆ. ಅದೇ ಹಸುವಿನ ಮುಖದ ಹಗ್ಗ ಹಿಡಿದು ಹತ್ತು ವರ್ಷದ ಹುಡುಗಿ ಡೈರಿಯವರೆಗೆ ನಡೆಸಿಕೊಂಡು ಹೋಗುತ್ತಾಳೆ. ತಲೆ ತಿರುಗಿದ ಕಡೆ ಮೈ ತಿರುಗಲೇಬೇಕು.

ನಾಯಿಗೆ ಇದನ್ನು ಅಳವಡಿಸಿದವರಲ್ಲಿ ಇಬ್ಬರ ಕೆಲಸ ಹೆಸರಾಗಿದೆ. ಬ್ರಿಟನ್ನಿನಲ್ಲಿ ಪ್ರಾಣಿವರ್ತನೆಯ ತಜ್ಞ ರೋಜರ್ ಮಗ್‌ಫರ್ಡ್ 1970ರ ದಶಕದ ಕೊನೆಗೆ ‘ಹಾಲ್ಟಿ’ ತಂದರು. 1980ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಪಶುವೈದ್ಯ ಆರ್. ಕೆ. ಆಂಡರ್ಸನ್, ತರಬೇತುದಾರರಾದ ರೂತ್ ಫೋಸ್ಟರ್ ಜೊತೆ ಸೇರಿ ‘ಜೆಂಟಲ್ ಲೀಡರ್’ ಮಾಡಿದರು. ಎರಡರಲ್ಲಿ ಯಾವುದನ್ನು ತಂದರೂ ಸರಿಯೇ. ಕೊರಳ ಬೆಲ್ಟಿಗೆ ಸೇರಿಸುವ ಪುಟ್ಟ ಜೋಡುಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಮುಖದಿಂದ ಜಾರಿದರೂ ನಾಯಿ ಕೈಬಿಟ್ಟು ಹೋಗುವುದಿಲ್ಲ.

ಅಳತೆಯಲ್ಲೇ ಎಲ್ಲ ಇದೆ. ಕುತ್ತಿಗೆಯ ಪಟ್ಟಿ ಸಾಮಾನ್ಯ ಬೆಲ್ಟಿನ ಜಾಗದಲ್ಲಿ ಅಲ್ಲ, ಅದಕ್ಕಿಂತ ಮೇಲೆ, ಕಿವಿಯ ಬುಡಕ್ಕೆ ತಾಗುವಂತೆ ಕೂರಬೇಕು. ಒಂದು ಬೆರಳು ಮಾತ್ರ ಹೋಗುವಷ್ಟು ಬಿಗಿ. ಹೆಚ್ಚಿನವರು ಇಲ್ಲಿ ಕನಿಕರಪಟ್ಟು ಸಡಿಲ ಬಿಡುತ್ತಾರೆ. ಆಗ ಮೂತಿಯ ಪಟ್ಟಿ ಮೇಲೇರಿ ಕಣ್ಣಿಗೆ ತಾಗುತ್ತದೆ, ನಾಯಿಗೆ ಅದೇ ಹಿಂಸೆ. ಮೂತಿಯ ಪಟ್ಟಿ ಕಣ್ಣಿನ ಕೆಳಗಿನಿಂದ ಮೂಗಿನ ಕಪ್ಪು ಚರ್ಮ ಶುರುವಾಗುವವರೆಗೆ ಸಲೀಸಾಗಿ ಓಡಾಡಬೇಕು, ಅದನ್ನು ದಾಟಿ ಕಳಚಬಾರದು. ಹಾಕಿದ ಮೇಲೆ ಒಂದು ಬಿಸ್ಕತ್ತು ಕೊಟ್ಟು ನೋಡಿ. ಆರಾಮಾಗಿ ಅಗಿದರೆ ಅಳತೆ ಸರಿ. ವಾರಕ್ಕೊಮ್ಮೆ ಮೂಗಿನ ಮೇಲಿನ ಕೂದಲು ಸರಿಸಿ ಚರ್ಮ ಉಜ್ಜಿದೆಯೇ ನೋಡಬೇಕು, ಬಕಲ್ಲು ಸವೆದಿದೆಯೇ ನೋಡಬೇಕು.

“ಹಾಕಿದ ತಕ್ಷಣ ನಡೀತಾನಾ?”

ನಡೆಯುವುದಿಲ್ಲ. ಜನ ಸೋಲುವುದು ಇಲ್ಲೇ. ಪೊಟ್ಟಣ ಬಿಚ್ಚಿ, ಮೂತಿಗೆ ತುರುಕಿ, ರಸ್ತೆಗೆ ಇಳಿದರೆ ನಾಯಿ ಮುಂಗಾಲಿನಿಂದ ಮುಖ ಕೆರೆದುಕೊಂಡು ನೆಲಕ್ಕೆ ಉರುಳುತ್ತದೆ. ಇದು ಪ್ರಯೋಜನವಿಲ್ಲ ಎಂದು ಪಟ್ಟಿ ಕಪಾಟು ಸೇರುತ್ತದೆ. ಮೊದಲು ಮನೆಯೊಳಗೆ, ಕೈಯಲ್ಲಿ ಬೇಯಿಸಿದ ಮೊಟ್ಟೆಯ ಚೂರು ಹಿಡಿದು, ಮೂತಿಪಟ್ಟಿಯನ್ನು ಅದರ ಮುಂದೆ ಹಿಡಿಯಬೇಕು. ಭೀಮ ತಾನಾಗಿ ಪಟ್ಟಿಯೊಳಗೆ ಮೂತಿ ತೂರಿಸಿದರೆ ಚೂರು ಬಾಯಿಗೆ. ಮೊದಮೊದಲು ಅಷ್ಟೇ. ಆಮೇಲೆ ಒಂದು ಕ್ಷಣ ಬಕಲ್ಲು ಹಾಕಿ ತೆಗೆಯುವುದು. ಆಮೇಲೆ ಹಾಕಿಕೊಂಡೇ ಊಟ. ಆಮೇಲೆ ಅಂಗಳದಲ್ಲಿ ನಾಲ್ಕು ಹೆಜ್ಜೆ. ಒಂದು ವಾರ, ಹೆಚ್ಚೆಂದರೆ ಎರಡು ವಾರ ಈ ಕೆಲಸಕ್ಕೆ ಕೊಡಬೇಕು. ಆಮೇಲೆ ಪಟ್ಟಿ ಕೈಗೆತ್ತಿಕೊಂಡರೆ ಸಾಕು, ನಾಯಿಯೇ ಮುಖ ಚಾಚಿಕೊಂಡು ಬರುತ್ತದೆ.

ರಸ್ತೆಗಿಳಿದ ಮೇಲೆ ಒಂದು ಎಚ್ಚರ ಬೇಕು. ಮುಖಪಟ್ಟಿಯನ್ನು ಯಾವತ್ತೂ ಜಗ್ಗಬಾರದು. ತಲೆ ರಪ್ಪನೆ ತಿರುಗಿದರೆ ಕತ್ತಿಗೆ ಪೆಟ್ಟು. ಆರಡಿಯ ಸಾದಾ ಹಗ್ಗ ಸಾಕು. ಉದ್ದ ಬಿಟ್ಟು ಸುತ್ತಿಕೊಳ್ಳುವ ಡಬ್ಬಿ ಹಗ್ಗ ಇದಕ್ಕೆ ಕೂಡದು, ನಾಯಿ ಓಡಿ ವೇಗ ಹಿಡಿದ ಮೇಲೆ ತಟ್ಟನೆ ತಡೆ ಬೀಳುತ್ತದೆ. ಹಗ್ಗ ಬಿಗಿಯಾದರೆ ನಿಲ್ಲಿ. ಸಡಿಲವಾದರೆ ನಡೆಯಿರಿ, ಚೂರು ಕೊಡಿ. ಭೀಮ ಇಷ್ಟು ದಿನ ಎಳೆದದ್ದು ಎಳೆದಾಗಲೆಲ್ಲ ಬೇಕಾದ ಕಡೆ ತಲುಪಿದ್ದಕ್ಕೆ. ಅದು ನಿಲ್ಲಬೇಕಷ್ಟೆ. ಬೀದಿನಾಯಿಗಳ ಗುಂಪು ದೂರದಲ್ಲಿ ಕಂಡಾಗಲೇ ಅವನ ಮುಖವನ್ನು ಮೆಲ್ಲಗೆ ನಿಮ್ಮ ಕಡೆ ತಿರುಗಿಸಿಕೊಂಡು ಪಕ್ಕದ ಬೀದಿ ಹಿಡಿಯಿರಿ. ಒಂದು ನಾಯಿ ಇನ್ನೊಂದನ್ನು ದಿಟ್ಟಿಸುವುದು ತಪ್ಪಿದರೆ ಅರ್ಧ ಜಗಳ ತಪ್ಪಿದಂತೆ.

ಎಲ್ಲ ನಾಯಿಗೂ ಇದು ಒಗ್ಗುವುದಿಲ್ಲ. ಚಪ್ಪಟೆ ಮುಖದ ಪಗ್‌ಗೆ ಪಟ್ಟಿ ನಿಲ್ಲಲು ಮೂತಿಯೇ ಇಲ್ಲ. ನಮ್ಮದೇ ನಾಡಿನ ಮುಧೋಳ ನಾಯಿಯ ಲೆಕ್ಕ ಇನ್ನೊಂದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ಆಮೇಲೆ ಸೈನ್ಯದ ತರಬೇತಿಗೂ ಹೋದ ತಳಿ. ಅದರ ತಲೆ ಕುತ್ತಿಗೆಗಿಂತ ಸಣ್ಣ. ಸಾದಾ ಬೆಲ್ಟು ಹಾಕಿದರೆ ಹಿಂದಕ್ಕೆ ಜಗ್ಗಿ ಒಂದೇ ಗಳಿಗೆಯಲ್ಲಿ ಕಳಚಿಕೊಂಡು ಮಾಯವಾಗುತ್ತದೆ. ಮೊಲ ಕಂಡರೆ ನಿಂತಲ್ಲಿಂದಲೇ ಬಾಣ ಬಿಟ್ಟ ವೇಗ, ಹಾಗಾಗಿ ಮುಖಪಟ್ಟಿಯೂ ಕತ್ತಿಗೆ ಅಪಾಯ. ಅದಕ್ಕೆ ಮಾರ್ಟಿಂಗೇಲ್ ಬೆಲ್ಟು ಎಂದು ಬರುತ್ತದೆ, ತಲೆ ಕಳಚದಷ್ಟು ಮಾತ್ರ ಬಿಗಿದು ಅಲ್ಲಿಗೆ ನಿಲ್ಲುತ್ತದೆ. ರಾಜಪಾಳ್ಯಂ ನಾಯಿ ಸಾಕಿದವರಿಗೂ ಇದೇ ಮಾತು. ಭೀಮನ ಕೊರಳಲ್ಲೂ ಒಂದು ಸಾದಾ ಬೆಲ್ಟು ಇರಲಿ, ಫೋನ್ ನಂಬರು ಬರೆದ ಬಿಲ್ಲೆ ತೂಗುಹಾಕಲು, ಮುಖಪಟ್ಟಿಯ ಜೋಡುಪಟ್ಟಿ ಸೇರಿಸಲು. ನಡಿಗೆಯ ಜೋರು ಮಾತ್ರ ಅದರ ಮೇಲೆ ಬೀಳದಿರಲಿ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು ಉಳಿದಿತ್ತು. ಅಕ್ಕನಿಗೆ ಬೇಸರವಾದೀತು ಎಂದು ಹಿಂಜರಿದರೂ ಹೇಳಿದೆ. ಭೀಮನ ಚೈನು ಹಗಲೆಲ್ಲ ನುಗ್ಗೆ ಮರಕ್ಕೇ ಕಟ್ಟಿರುತ್ತದೆ. ಬೆಳಗಿನಿಂದ ಸಂಜೆವರೆಗೆ ನಾಲ್ಕಡಿ ಜಾಗದಲ್ಲಿ ಸುತ್ತಿದ ಎರಡು ವರ್ಷದ ಗಂಡು ನಾಯಿ ಗೇಟು ತೆರೆದರೆ ಎಳೆಯದೆ ಇನ್ನೇನು ಮಾಡೀತು? ಮಾಲೂರು, ಮುಳಬಾಗಿಲು ಕಡೆಯ ತೋಟಗಳಲ್ಲೂ ಇದನ್ನೇ ನೋಡುತ್ತೇನೆ; ಟೊಮೆಟೊ ಕಾಯಲೆಂದು ತಂದ ದೊಡ್ಡ ನಾಯಿ ಪಂಪ್‌ಹೌಸಿನ ಕಂಬಕ್ಕೆ ಕಟ್ಟಿಯೇ ಬದುಕು ಮುಗಿಸುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಇದನ್ನು ಬಿಡಿಸಿ ಹೇಳಿದೆ. ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು ಅಪರಾಧ; ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡಿಸದಿರುವುದೂ ಅಪರಾಧ. ಮೊದಲ ಸಲಕ್ಕೆ ದಂಡ ಹೆಚ್ಚೆಂದರೆ 50 ರೂಪಾಯಿ ಎಂದು ಆಗ ಬರೆದರು. ದಂಡ ಸಣ್ಣದು. ಆದರೆ ನಾಯಿಗೆ ನಡಿಗೆ ಅದರ ಹಕ್ಕು ಎಂದು ಅರವತ್ತು ವರ್ಷಗಳಿಗೂ ಹಿಂದೆ ಕಾನೂನಿನಲ್ಲೇ ಒಪ್ಪಿಕೊಂಡ ದೇಶ ನಮ್ಮದು ಎನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಅಕ್ಕ ಬೇಸರಪಡಲಿಲ್ಲ. “ಹಿತ್ತಲ ಗೇಟಿನ ಕೆಳಗೆ ಸಂದಿ ಇದೆ, ನುಸುಳಿ ಹೋಗ್ತಾನೆ ಅಂತ ಕಟ್ಟಿದ್ದು. ಅದಕ್ಕೊಂದು ತಗಡು ಹೊಡೆಸಿದ್ರೆ ಬಿಟ್ಟೇ ಇಡಬಹುದು” ಎಂದರು. ಭಾನುವಾರ ಮಗನ ಕೈಲಿ ಆ ಕೆಲಸ ಮಾಡಿಸುವುದು ಎಂದಾಯಿತು. ಅವನು ರಾತ್ರಿ ಪಾಳಿಗೆ ಹೊರಡುವ ಮುಂಚೆ ಹತ್ತು ನಿಮಿಷ ಮೊಟ್ಟೆ ಚೂರಿನ ಪಾಠವೂ ಅವನದೇ. ಅಭ್ಯಾಸ ಮಾಡಿಸುವ ಕೈ, ನಡೆಸುವ ಕೈ ಎರಡೂ ನಾಯಿಗೆ ಪರಿಚಯವಿರಬೇಕು.

ಹೊಲಿಗೆಯ ಟೇಪು ತರಲು ಅಕ್ಕ ಒಳಗೆ ಹೋಗಿ ಬಂದರು. ಕಿವಿಯ ಹಿಂದೆ ಹತ್ತೊಂಬತ್ತು ಇಂಚು, ಕಣ್ಣಿನ ಕೆಳಗೆ ಮೂತಿಯ ಸುತ್ತ ಹತ್ತು. ಕ್ಯಾಲೆಂಡರಿನ ಹಾಳೆ ಹರಿದು ಹಿಂದುಗಡೆ ಬರೆದುಕೊಂಡೆವು. “ಅಂಗಡೀಲಿ ಲಾರ್ಜ್ ಕೊಡಿ ಅನ್ಬೇಡಿ ಅಕ್ಕ, ಈ ನಂಬರೇ ಹೇಳಿ. ಒಂದೊಂದು ಕಂಪನಿ ಲಾರ್ಜ್ ಒಂದೊಂದು ಥರ ಇರ್ತದೆ. ಆಗೋದಾದ್ರೆ ಭೀಮನ್ನೇ ಕರ್ಕೊಂಡು ಹೋಗಿ ಹಾಕಿಸಿ ನೋಡಿ. ಬಿಲ್ಲು ಮಾತ್ರ ಕೇಳಿ ಇಸ್ಕೊಳ್ಳಿ, ಅಳತೆ ಆಗ್ಲಿಲ್ಲ ಅಂದ್ರೆ ಬದಲಾಯಿಸ್ಬೇಕಾಗ್ತದೆ.”